ಗದ್ದೆಯ ವಿಷ, ಮಡಿಲ ಮಗು

ನಂದಿಗುಡಿ ಕಡೆ ಭತ್ತಕ್ಕೆ ಔಷಧಿ ಹೊಡೆದು ಬಂದವರು ಅದೇ ಬಟ್ಟೆಯಲ್ಲಿ ಮಗುವನ್ನು ಎತ್ತಿಕೊಳ್ಳುವುದುಂಟು. ಆ ‘ಔಷಧಿ’ ವಿಷ. ಕೆಲವು ವಿಷಗಳು ನಮ್ಮ ಜೀನ್‌ಗಳನ್ನು ಬದಲಿಸದೆಯೇ, ಅವು ಯಾವಾಗ ಕೆಲಸ ಮಾಡಬೇಕೆಂದು ಸೂಚಿಸುವ ಗುರುತುಗಳನ್ನು ಏರುಪೇರು ಮಾಡಬಲ್ಲವು.

ದೂರದ ಗ್ರೀನ್‌ಲ್ಯಾಂಡಿನ ಇನ್ಯುಯಿಟ್ ಜನರನ್ನೇ ನೋಡಿ. ಅವರು ಹೊಲಕ್ಕೆ ಡಿಡಿಟಿ ಹೊಡೆದವರಲ್ಲ. ಗಾಳಿ, ಸಮುದ್ರದ ಮೂಲಕ ಸೀಲ್, ತಿಮಿಂಗಿಲಗಳ ಕೊಬ್ಬಿಗೆ ಸೇರಿದ ವಿಷ ಊಟದೊಂದಿಗೆ ಅವರ ರಕ್ತಕ್ಕಿಳಿಯಿತು. 2008ರ ಅಧ್ಯಯನವೊಂದರಲ್ಲಿ, ಡಿಡಿಟಿಯಂಥ ವಿಷ ಹೆಚ್ಚಿದ್ದವರ ಡಿಎನ್‌ಎಯಲ್ಲಿ ಈ ಗುರುತುಗಳು ಕಡಿಮೆ ಕಂಡವು. ಇದರಿಂದಲೇ ಕಾಯಿಲೆ ಬರುತ್ತದೆಂದು ಅರ್ಥವಲ್ಲ. ಎಚ್ಚರ ಬೇಕೆಂದು ಅರ್ಥ.

ಈ ಗುರುತುಗಳು ಬಹುಪಾಲು ಮೂಡುವುದು ಗರ್ಭದಲ್ಲೇ. ಆದ್ದರಿಂದ ಗರ್ಭಿಣಿಯರನ್ನು ಸಿಂಪಡಣೆಯಿಂದ ದೂರವಿಡಿ. ಸ್ನಾನ ಮಾಡಿಯೇ ಮಗುವನ್ನು ಮುಟ್ಟಿ. ಆ ಬಟ್ಟೆ ಬೇರೆ ಒಗೆಯಿರಿ. ಖಾಲಿ ಡಬ್ಬಿಯಲ್ಲಿ ನೀರು, ಎಣ್ಣೆ ತುಂಬಬೇಡಿ. ಮಕ್ಕಳು ಅಲ್ಲಾಹನು ನಮಗೊಪ್ಪಿಸಿದ ಅಮಾನತು.