ಫೀನಿಕ್ಸ್: ಟ್ರಾಂಬೆಯ ಪೃಥಕ್ಕರಣಶಾಲೆ

ಟ್ರಾಂಬೆ ಎಂದೊಡನೆ ಓದುಗರ ಕಣ್ಣೆದುರು ನಿಲ್ಲುವುದು ಸೈರಸ್ ರಿಯಾಕ್ಟರಿನ ಗುಮ್ಮಟ. ಆ ಗುಮ್ಮಟದೊಳಗೆ ಉರಿದು ಹೊರಬಂದ ಯುರೇನಿಯಂ ಸರಳುಗಳನ್ನು ಕರಗಿಸಿ, ಅವುಗಳಲ್ಲಿ ನೂತನವಾಗಿ ಜನಿಸಿದ ಪ್ಲುಟೋನಿಯಮ್ಮನ್ನು ಉಳಿದ ಸಮಸ್ತ ಧಾತುಗಳಿಂದ ಬೇರ್ಪಡಿಸುವ ಕಾರ್ಖಾನೆಯೊಂದು ಅದೇ ಆವರಣದಲ್ಲಿದೆಯೆಂಬುದನ್ನು ಬಲ್ಲವರು ವಿರಳ. 1965ರ ಜನವರಿ 22ರಂದು ಪ್ರಧಾನಿ ಲಾಲ್ ಬಹಾದುರ್ ಶಾಸ್ತ್ರಿಯವರು ಉದ್ಘಾಟಿಸಿದ, ವರ್ಷಕ್ಕೆ 30 ಟನ್ ಇಂಧನವನ್ನು ಸಂಸ್ಕರಿಸಬೇಕೆಂದು ರೂಪಿಸಿದ ಈ ಕಾರ್ಖಾನೆಗೆ ಯೋಜನೆಯ ದಿನಗಳಲ್ಲಿ ಇದ್ದ ಹೆಸರು ಫೀನಿಕ್ಸ್. ತನ್ನ ಬೂದಿಯಿಂದಲೇ ಮರುಹುಟ್ಟು ಪಡೆಯುವ ಪಕ್ಷಿಯ ಹೆಸರು ಇದಕ್ಕೆ ಸರ್ವಥಾ ಸಲ್ಲತಕ್ಕದ್ದು.

ಇದನ್ನು ಕಟ್ಟಿದವರು ಹೋಮಿ ಸೇಥ್ನಾ. ಪರಮಾಣು ಎಂದರೆ ಭೌತವಿಜ್ಞಾನಿಗಳ ಸ್ವತ್ತೆಂದು ಜನ ಭಾವಿಸಿದ್ದ ಕಾಲದಲ್ಲಿ, ಅಮೆರಿಕೆಯ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಓದಿ ಬಂದ ಈ ರಸಾಯನ ಎಂಜಿನಿಯರು ಮೊದಲು ಕೈಹಾಕಿದ್ದು ಕೇರಳದ ಕಡಲತೀರದ ಮರಳಿಗೆ: ಆಲುವಾದಲ್ಲಿ 1952ರಲ್ಲಿ ಆರಂಭವಾದ ಕಾರ್ಖಾನೆಯಲ್ಲಿ ಮೋನಜೈಟನ್ನು ಕ್ಷಾರದಲ್ಲಿ ಪಕ್ವಗೊಳಿಸಿ, ಅದರ ಥೋರಿಯಮ್ಮನ್ನೂ ವಿರಳ ಮೃತ್ತಿಕೆಗಳನ್ನೂ ಪ್ರತ್ಯೇಕಿಸುವ ಕಾರ್ಯ ಅವರ ಮೇಲ್ವಿಚಾರಣೆಯಲ್ಲಿ ನಡೆಯಿತು. ಮುಂದೆ ಟ್ರಾಂಬೆಯ ಪ್ಲುಟೋನಿಯಂ, ಆ ಬಳಿಕ ಜಾದುಗುಡಾದ ಗಿರಣಿಯಲ್ಲಿ ಅದಿರಿನ ಯುರೇನಿಯಂ. ಮರಳು, ಬಂಡೆ, ಉರಿದ ಸರಳು, ಈ ಮೂರರಿಂದಲೂ ಬೇಕಾದುದನ್ನು ಹೆಕ್ಕಿ ತೆಗೆಯುವ ಒಂದೇ ವಿದ್ಯೆಯಲ್ಲಿ ಆಯುಷ್ಯದ ಶ್ರೇಷ್ಠ ಭಾಗವನ್ನು ಕಳೆದವರು ನಮ್ಮಲ್ಲಿ ಮತ್ತೊಬ್ಬರಿಲ್ಲವೆಂದೇ ನನ್ನ ಎಣಿಕೆ.

ಇನ್ನು ವಿಧಾನ. ಉರಿದ ಸರಳುಗಳನ್ನು ಮೊದಲು ನೀರಿನ ಕೊಳದಲ್ಲಿ ತಿಂಗಳುಗಟ್ಟಲೆ ಮುಳುಗಿಸಿಡಬೇಕು. ನಮ್ಮ ಕೈಗಾದಲ್ಲಿಯೂ ಉರಿದ ಇಂಧನ ಇಳಿಯುವುದು ಇಂಥ ಕೊಳಕ್ಕೇ. ಬಳಿಕ ಅಲ್ಯುಮಿನಿಯಂ ಹೊದಿಕೆಯನ್ನು ಕಾಸ್ಟಿಕ್ ಸೋಡಾದಲ್ಲಿ ಕರಗಿಸಿ ಕಳೆದು, ಒಳಗಿನ ಲೋಹವನ್ನು ಬಿಸಿ ನೈಟ್ರಿಕ್ ಆಮ್ಲದಲ್ಲಿ ಕರಗಿಸಿದರೆ, ಟನ್ನಿಗೆ ಸುಮಾರು ಒಂದು ಕಿಲೋಗ್ರಾಮಿನಷ್ಟು ಪ್ಲುಟೋನಿಯಂ ಅಡಗಿರುವ, ಹತ್ತಿರ ನಿಂತವನ ಪ್ರಾಣ ತೆಗೆಯಬಲ್ಲ ದ್ರಾವಣವೊಂದು ಸಿದ್ಧವಾಗುತ್ತದೆ. ಶಾಲೆಯ ಪ್ರಯೋಗಶಾಲೆಯಲ್ಲಿ ಅಯೋಡಿನ್ ಬೆರೆತ ನೀರಿಗೆ ಸೀಮೆಎಣ್ಣೆ ಹೊಯ್ದು ಕುಲುಕಿದಾಗ, ನೀರಿನ ಕಂದು ತಿಳಿಯಾಗಿ ಮೇಲೆ ತೇಲುವ ಎಣ್ಣೆ ನೇರಿಳೆಯಾಗುವುದನ್ನು ಕಂಡವರಿಗೆ ಮುಂದಿನದು ಸುಲಭವೇದ್ಯ. ಟ್ರೈಬ್ಯುಟೈಲ್ ಫಾಸ್ಫೇಟನ್ನು ಶೇಕಡ 30ರಷ್ಟು ಬೆರೆಸಿದ ಅಂಥದೇ ತೈಲವನ್ನು ಆಮ್ಲದೊಡನೆ ಸಂಧಿಸಿದಾಗ ಯುರೇನಿಯಂ, ಪ್ಲುಟೋನಿಯಂ ಎರಡೂ ಆಮ್ಲವನ್ನು ತೊರೆದು ತೈಲವನ್ನು ಸೇರುತ್ತವೆ; ಸೀಸಿಯಂ, ಸ್ಟ್ರಾಂಷಿಯಂ ಮೊದಲಾದ ವಿದಳನದ ಸಂತಾನ ಬಹುಮಟ್ಟಿಗೆ ಆಮ್ಲದಲ್ಲಿಯೇ ಉಳಿಯುತ್ತದೆ. ಆಮೇಲೆ ಅಪಕರ್ಷಣಕಾರಿಯೊಂದರ ಪ್ರಭಾವಕ್ಕೆ ಸಿಕ್ಕಿದ ಪ್ಲುಟೋನಿಯಂ ತಾನೊಂದೇ ತೈಲದಿಂದ ನೀರಿಗಿಳಿಯುತ್ತದೆ. ಅದನ್ನು ಆಕ್ಸಲೇಟಾಗಿ ಒತ್ತರಿಸಿ, ಕಾಯಿಸಿ, ಆಕ್ಸೈಡಿನ ಪುಡಿಯಾಗಿಸುವಲ್ಲಿಗೆ ಕಾರ್ಯ ಮುಗಿಯಿತು.

ಭಾಭಾ ಅವರ ಅಧ್ಯಕ್ಷತೆಯಲ್ಲಿ 1955ರಲ್ಲಿ ಜಿನೀವಾದಲ್ಲಿ ಸೇರಿದ ಸಮ್ಮೇಳನದಲ್ಲಿ ಈ ವಿದ್ಯೆಯ ಬಹುಭಾಗ ಬಹಿರಂಗವಾಯಿತು. ಆದರೆ ಪ್ರಬಂಧವನ್ನು ಓದಿದ ಮಾತ್ರಕ್ಕೆ ಕಾರ್ಖಾನೆ ನಿಲ್ಲುವುದಿಲ್ಲ. ಒಮ್ಮೆ ವಿಕಿರಣಶೀಲ ದ್ರವ ಹರಿಯಿತೆಂದರೆ ದಪ್ಪ ಕಾಂಕ್ರೀಟು ಗೋಡೆಗಳ ಆ ಕೋಣೆಗಳಿಗೆ ಮನುಷ್ಯ ಕಾಲಿಡಲಾರನಾದ್ದರಿಂದ, ಕೆಟ್ಟುಹೋಗಬಲ್ಲ ಚಲಿಸುವ ಅಂಗಗಳು ಒಳಗೆ ಆದಷ್ಟೂ ಇರಕೂಡದು. ತೈಲವನ್ನೂ ಆಮ್ಲವನ್ನೂ ಕಲಸಲು ರಂಧ್ರಮಯ ತಟ್ಟೆಗಳನ್ನು ಅಡುಕಿದ ಎತ್ತರದ ಸ್ತಂಭಗಳಲ್ಲಿ ದ್ರವವನ್ನೇ ಒತ್ತಡದಿಂದ ಮೇಲಕ್ಕೂ ಕೆಳಕ್ಕೂ ಮಿಡಿಯುವಂತೆ ಮಾಡುತ್ತಾರೆ. ಪ್ಲುಟೋನಿಯಂ ಸಾಂದ್ರವಾಗುವ ಪಾತ್ರೆಗಳಿಗಂತೂ ಆಕಾರವೇ ರಕ್ಷೆ: ಅವು ಸಪೂರವಾಗಿರಬೇಕು. ಹೊಟ್ಟೆ ದೊಡ್ಡದಾದರೆ ದ್ರಾವಣ ಒಂದೆಡೆ ಸೇರಿ, ಆ ಪಾತ್ರೆಯೊಳಗೇ ಸರಪಳಿ ಕ್ರಿಯೆ ಹುಟ್ಟೀತು. ಬೀಗಮುದ್ರೆಯಿಂದಲೋ ಎಚ್ಚರಿಕೆಯ ಫಲಕದಿಂದಲೋ ಅಲ್ಲದೆ ಒಂದು ಪಾತ್ರೆಯ ಅಗಲದಿಂದ ಅನಾಹುತವನ್ನು ತಡೆಯುವ ಈ ಯುಕ್ತಿ ನನ್ನನ್ನು ಬೆರಗುಗೊಳಿಸಿದಷ್ಟು ರಿಯಾಕ್ಟರಿನ ಗುಮ್ಮಟ ಎಂದೂ ಬೆರಗುಗೊಳಿಸಿಲ್ಲ.

1974ರ ಮೇ 18ರ ಪೋಖರಣ್ ಸ್ಫೋಟಕ್ಕೆ ಪ್ಲುಟೋನಿಯಂ ಒದಗಿದ್ದು ಇಲ್ಲಿಂದಲೇ. ಆ ದಿನ ನಮ್ಮ ತುಮಕೂರಿನವರಾದ ರಾಜಾ ರಾಮಣ್ಣನವರ ಹೆಸರು ಮನೆಮಾತಾಯಿತು, ಆಯಿತೆಂಬ ಅಭಿಮಾನ ನನಗೂ ಉಂಟು. ಶಾಂತಿಯ ಮಾತಿನೊಡನೆ ಹೊರಟ ವಿದ್ಯೆ ಅಲ್ಲಿಗೆ ಹೋಗಿ ನಿಂತಿತಲ್ಲ ಎಂಬ ಕಸಿವಿಸಿಯೂ ಉಂಟು. ತಾರಾಪುರ, ಕಲ್ಪಾಕ್ಕಂಗಳಲ್ಲಿ ಇದರ ಸಂತತಿ ಬೆಳೆದಿದೆ. ಉಳಿದ ಆಮ್ಲದ ಕಥೆಯೂ ಬದಲಾಗಿದೆ: ಅದನ್ನು ಗಾಜಿನಲ್ಲಿ ಬಂಧಿಸಿಡುವುದಷ್ಟೇ ಅಲ್ಲದೆ, ಅದರ ಸೀಸಿಯಂ-137ನ್ನು ಬೇರ್ಪಡಿಸಿ ಗಾಜಿನ ಕಡ್ಡಿಗಳಾಗಿ ಎರಕ ಹೊಯ್ದು, ರೋಗಿಗೆ ಕೊಡುವ ರಕ್ತವನ್ನು ಮುಂಚಿತವಾಗಿ ವಿಕಿರಣಕ್ಕೊಡ್ಡುವ ಯಂತ್ರಗಳಿಗೆ ಬಳಸುತ್ತಾರೆ.

2010ರ ಸೆಪ್ಟೆಂಬರಿನಲ್ಲಿ ಸೇಥ್ನಾ ತೀರಿಕೊಂಡರು. ಅದೇ ಡಿಸೆಂಬರ್ 31ರಂದು ಸೈರಸ್ ಶಾಶ್ವತವಾಗಿ ನಿಂತಿತು. ಅವರ ಜೀವನಚರಿತ್ರೆಯೊಂದು ಕನ್ನಡದಲ್ಲಿ ಬಂದುದನ್ನು ನಾನು ಕಂಡಿಲ್ಲ. ರಸಾಯನಶಾಸ್ತ್ರದ ಅಧ್ಯಾಪಕರು ಯಾರಾದರೂ ಆ ಕೆಲಸಕ್ಕೆ ಕೈಹಾಕಬೇಕು.