ಸುಸ್ತಿ ಸಾಲವೂ ಅರ್ಜಿಯ ಸುಳ್ಳೂ

ಅಮೆರಿಕ ಸರ್ಕಾರದ ರಹಸ್ಯ ಮಾಹಿತಿಯನ್ನು ನೋಡಬೇಕಾದ ನೌಕರರು ಮೊದಲು ಪಡೆಯಬೇಕಾದ ಅರ್ಹತೆಗೆ ಸೆಕ್ಯುರಿಟಿ ಕ್ಲಿಯರೆನ್ಸ್, ಅಂದರೆ ಭದ್ರತಾ ಅನುಮತಿ, ಎಂದು ಹೆಸರು. ಇದರ ಸುತ್ತ ಹಬ್ಬಿರುವ ನಂಬಿಕೆಗಳಲ್ಲಿ, ಸುಸ್ತಿ ಸಾಲವನ್ನು, ಎಂದರೆ ಗಡುವು ಮೀರಿದರೂ ತೀರದೆ ಉಳಿದ ಬಾಕಿಯನ್ನು, ಅರ್ಜಿಯಲ್ಲಿ ಬರೆಯದೆ ಬಿಟ್ಟರೆ ಪಾರಾಗಬಹುದು ಎಂಬುದರಷ್ಟು ಹಾನಿ ಮಾಡುವುದು ಮತ್ತೊಂದಿಲ್ಲ; ಜಾಣತನದ ವೇಷದಲ್ಲಿ ಮೆರೆಯುವುದೂ ಅದೇ.

ಎಸ್‌ಎಫ್-86 ಎಂಬ ಈ ಅರ್ಜಿಯ 26ನೆಯ ವಿಭಾಗವು ಹಿಂದಿನ 7 ವರ್ಷಗಳ ದಿವಾಳಿ, ಸಲ್ಲಿಸದ ತೆರಿಗೆ ಲೆಕ್ಕ, 120 ದಿನ ಮೀರಿದ ಬಾಕಿ ಮುಂತಾದವನ್ನು ಒಂದೊಂದಾಗಿ ಕೇಳುತ್ತದೆ. ಜೊತೆಗೇ ತಮ್ಮ ಸಾಲದ ದಾಖಲೆಗಳನ್ನು ತರಿಸಿ ನೋಡಲು ಅರ್ಜಿದಾರರೇ ತನಿಖಾಧಿಕಾರಿಗಳಿಗೆ ಸಹಿ ಹಾಕಿ ಒಪ್ಪಿಗೆ ಕೊಟ್ಟಿರುತ್ತಾರೆ. ಬೀಗದ ಕೈಯನ್ನು ತಾವೇ ಒಪ್ಪಿಸಿ, ಪೆಟ್ಟಿಗೆಯೊಳಗಿನದು ಯಾರಿಗೂ ಕಾಣದೆಂದು ನೆಚ್ಚುವುದಕ್ಕೆ ಜಾಣತನವೆಂಬ ಹೆಸರು ಒಪ್ಪುವುದಿಲ್ಲ.

2017ರ ಜೂನ್ 8ರಿಂದ ಜಾರಿಯಲ್ಲಿರುವ ನಿರ್ದೇಶನವು ಅರ್ಹತೆಯನ್ನು ಅಳೆಯಲು 13 ಮಾನದಂಡಗಳನ್ನು ಕೊಡುತ್ತದೆ. ಅವುಗಳಲ್ಲಿ 'ಎಫ್' ಹಣಕಾಸಿನ ನಡೆಯನ್ನೂ 'ಇ' ವೈಯಕ್ತಿಕ ನಡತೆಯನ್ನೂ ಕುರಿತದ್ದು. ಕೆಲಸ ಹೋಗಿಯೋ, ಅನಿರೀಕ್ಷಿತ ಕಾಯಿಲೆಯಿಂದಲೋ, ವಿಚ್ಛೇದನದಿಂದಲೋ ಸಾಲ ಬೆಳೆದಿದ್ದು, ಅಂಥ ಸ್ಥಿತಿಯಲ್ಲೂ ಹೊಣೆಯರಿತು ನಡೆದದ್ದಕ್ಕೆ, ಒಪ್ಪಿಕೊಂಡ ಕಂತುಗಳನ್ನು ಕಟ್ಟುತ್ತ ಬಂದದ್ದಕ್ಕೆ ದಾಖಲೆಯಿದ್ದರೆ, 'ಎಫ್' ಮಾನದಂಡವೇ ಅದನ್ನು ಅರ್ಜಿದಾರರ ಪರವಾಗಿ ಎಣಿಸುತ್ತದೆ. ಅದೇ ಸಾಲವನ್ನು ಬೇಕೆಂದೇ ಮುಚ್ಚಿಟ್ಟಾಗ 'ಇ' ಮಾನದಂಡದ ಆಕ್ಷೇಪವೂ ಸೇರಿ ಒಂದು ತೊಡಕು ಎರಡಾಗುತ್ತದೆ. ಮರೆವು ಸುಳ್ಳಲ್ಲ, ನಿಜ. ಆದರೆ ಮುಚ್ಚಿಟ್ಟದ್ದನ್ನು ಸರಿಪಡಿಸಿದ್ದಕ್ಕೆ ಬೆಲೆ ಬರಬೇಕಾದರೆ ಅಧಿಕಾರಿ ದಾಖಲೆಯನ್ನು ಮುಂದಿಟ್ಟು ಕೇಳುವ ಮೊದಲೇ ತಾವಾಗಿ ಹೇಳಿರಬೇಕು. ಇದರ ಮೇಲೆ, ತಿಳಿದೂ ತಿಳಿದೂ ಸುಳ್ಳು ಬರೆಯುವುದು 5 ವರ್ಷದವರೆಗೆ ಸೆರೆವಾಸಕ್ಕೆ ಎಡೆಮಾಡುವ ಅಪರಾಧ.

ಉಳಿದ ನಂಬಿಕೆಗಳಿಗೆ ಹೆಚ್ಚು ಮಾತು ಬೇಕಿಲ್ಲ. ಇಷ್ಟು ಡಾಲರ್ ದಾಟಿದರೆ ಅನರ್ಹತೆ ಎಂಬ ಗೆರೆಯನ್ನು ಮಾನದಂಡಗಳು ಎಲ್ಲಿಯೂ ಎಳೆದಿಲ್ಲ. ದಿವಾಳಿಯೊಂದೇ ಬಾಗಿಲು ಮುಚ್ಚುವುದಿಲ್ಲ. ಹಳೆಯ ಬಾಕಿ ಕ್ರೆಡಿಟ್ ವರದಿಯಿಂದ ಅಳಿಸಿಹೋದ ಮಾತ್ರಕ್ಕೆ ತೀರಿಸಿದಂತೆಯೂ ಆಗುವುದಿಲ್ಲ. ಸಾಲಗಾರರು ಲಂಚಕ್ಕೆ ಬೀಳುತ್ತಾರೆಂಬುದೊಂದೇ ಸರ್ಕಾರದ ಭಯ ಎಂಬುದೂ ಅರ್ಧಸತ್ಯ: ಸಾಲದಲ್ಲಿದ್ದ ಸಿಐಎ ಅಧಿಕಾರಿ ಆಲ್ಡ್ರಿಚ್ ಏಮ್ಸ್ 1985ರಲ್ಲಿ ಸೋವಿಯತ್ ಒಕ್ಕೂಟಕ್ಕೆ ರಹಸ್ಯಗಳನ್ನು ಮಾರತೊಡಗಿದ್ದು ಹೌದಾದರೂ, ಕೊಟ್ಟ ಮಾತಿನಂತೆ ಸಾಲ ತೀರಿಸದವರು ರಹಸ್ಯ ಕಾಯುವ ನಿಯಮಗಳನ್ನೂ ಹಗುರವಾಗಿ ಕಾಣಬಹುದು ಎಂಬ ಸಂಶಯಕ್ಕೂ ನಿಯಮದಲ್ಲಿ ಅಷ್ಟೇ ಸ್ಥಾನವಿದೆ. ಅನುಮತಿ ಯಾರ ಹಕ್ಕೂ ಅಲ್ಲವೆಂದು ಸುಪ್ರೀಂ ಕೋರ್ಟ್ 1988ರ ಈಗನ್ ಪ್ರಕರಣದಲ್ಲಿ ಹೇಳಿರುವುದರಿಂದ, ಸಂಶಯದ ಲಾಭ ಅರ್ಜಿದಾರರಿಗೆ ಸಲ್ಲುವುದೂ ಇಲ್ಲ.

ಇವುಗಳಲ್ಲಿ ಒಂದೂ ಗುಟ್ಟಲ್ಲ. ಗುತ್ತಿಗೆ ಕಂಪನಿಗಳ ನೌಕರರ ಪ್ರಕರಣಗಳನ್ನು ಕೇಳುವ ರಕ್ಷಣಾ ಇಲಾಖೆಯ ವಿಚಾರಣಾ ಕಚೇರಿ ತನ್ನ ತೀರ್ಪುಗಳನ್ನು, ಹೆಸರುಗಳನ್ನಷ್ಟೇ ಮರೆಮಾಡಿ, ಸಾರ್ವಜನಿಕರ ಮುಂದಿಡುತ್ತದೆ. ಆದರೂ ಅವನ್ನು ತೆರೆದು ಓದುವವರಿಗಿಂತ, ಬರೆಯದೆ ಬಿಟ್ಟೆ, ಏನೂ ಆಗಲಿಲ್ಲ ಎಂದ ಸಹೋದ್ಯೋಗಿಯ ಮಾತನ್ನು ನೆಚ್ಚುವವರೇ ಹೆಚ್ಚು. ಬರೆಯದೆ ಬಿಟ್ಟು ಕೆಲಸ ಕಳೆದುಕೊಂಡವರು ಅದೇ ಕಚೇರಿಯಲ್ಲಿ ಉಳಿದು ತಮ್ಮ ಕಥೆ ಹೇಳುವುದಿಲ್ಲ.