ದಪ್ಪ ಟೈರಿನ ವಿದ್ಯುತ್ ಸೈಕಲ್: ಕೊಳ್ಳುವ ಮುನ್ನ ವಾಟ್ ನೋಡಿ

ರಾಜರಾಜೇಶ್ವರಿನಗರದಲ್ಲಿ ದಿನಸಿ ವ್ಯಾಪಾರ ನಡೆಸುವ ನನ್ನ ಕಕ್ಷಿದಾರರೊಬ್ಬರು ಲೆಕ್ಕದ ಪುಸ್ತಕಗಳೊಡನೆ ಒಂದು ಕೊಟೇಷನ್ ಕೂಡ ತಂದಿದ್ದರು. ಬಿ.ಇ.ಎಂ.ಎಲ್. ಬಡಾವಣೆ, ಪಟ್ಟಣಗೆರೆ, ಹಲಗೆವಡೇರಹಳ್ಳಿಗಳ ಮನೆಗಳಿಗೆ ಸಾಮಾನು ತಲುಪಿಸಲು ದಪ್ಪ ಟೈರಿನ ಎರಡು ವಿದ್ಯುತ್ ಸೈಕಲ್‌ಗಳನ್ನು ಕೊಳ್ಳುವ ಇರಾದೆ ಅವರದು. “ಸಾರ್, ಇದಕ್ಕೆ ರಿಜಿಸ್ಟ್ರೇಷನ್ ಬೇಡವಂತೆ, ಲೈಸೆನ್ಸ್ ಬೇಡವಂತೆ, ಇನ್ಷೂರೆನ್ಸೂ ಬೇಡವಂತೆ. ಸವಕಳಿ ಎಷ್ಟು ಸಿಗುತ್ತದೆ, ಅಷ್ಟು ಹೇಳಿ” ಎಂದರು. ಮೋಟಾರಿನ ಶಕ್ತಿ 750 ವಾಟ್ ಎಂದು ಕೊಟೇಷನ್ನಿನಲ್ಲಿ ನಮೂದಾಗಿತ್ತು. ಸವಕಳಿಯ ಮಾತು ಅಲ್ಲಿಗೇ ನಿಂತಿತು.

ಮಾರಾಟಗಾರರು ಹೇಳುವ ವಿನಾಯಿತಿ ಇರುವುದು ನಿಜ. ಆದರೆ ಅದು ಎಲ್ಲ ವಿದ್ಯುತ್ ಸೈಕಲ್‌ಗಳಿಗೂ ಅನ್ವಯಿಸುವುದಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 2(ಯು) ಪ್ರಕಾರ, ಮೋಟಾರಿನ 30 ನಿಮಿಷದ ಶಕ್ತಿ 250 ವಾಟ್‌ಗಿಂತ ಕಡಿಮೆ ಇರಬೇಕು. ಗರಿಷ್ಠ ವೇಗ ಗಂಟೆಗೆ 25 ಕಿ.ಮೀ. ಒಳಗಿರಬೇಕು, ಇವನ್ನು ಮಾನ್ಯತೆ ಪಡೆದ ಪರೀಕ್ಷಾ ಸಂಸ್ಥೆಯು ದೃಢೀಕರಿಸಿರಬೇಕು. ಹಾಗಿದ್ದಲ್ಲಿ ಮಾತ್ರ ಅದು ಮೋಟಾರು ವಾಹನವಲ್ಲ. 750 ವಾಟ್‌ನ ಗಾಡಿಗೆ ಪೆಡಲ್ ಇದ್ದರೂ ಕಾನೂನಿನ ದೃಷ್ಟಿಯಲ್ಲಿ ಅದು ನೋಂದಣಿಯಿಲ್ಲದ, ವಿಮೆಯಿಲ್ಲದ ಮೋಟಾರು ವಾಹನ.

2019ರ ತಿದ್ದುಪಡಿಯ ನಂತರ ವಿಮೆಯಿಲ್ಲದ ವಾಹನಕ್ಕೆ ಮೊದಲ ಬಾರಿ 2,000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಎರಡೂ. ಪರವಾನಗಿಯಿಲ್ಲದ ಹುಡುಗನಿಗೆ ವಾಹನ ಕೊಟ್ಟ ಮಾಲೀಕನಿಗೆ 5,000 ರೂಪಾಯಿ ದಂಡವುಂಟು. ದಂಡವನ್ನಾದರೂ ಕಟ್ಟಿ ಮರೆಯಬಹುದು. ಅಂಗಡಿಯ ಹುಡುಗ ದಾರಿಹೋಕರೊಬ್ಬರಿಗೆ ಗುದ್ದಿ ಪ್ರಕರಣ ನ್ಯಾಯಮಂಡಳಿಗೆ ಹೋದರೆ, ಪರಿಹಾರದ ಪೂರ್ಣ ಹೊರೆ ಮಾಲೀಕನ ಮೇಲೆಯೇ ಬೀಳುತ್ತದೆ. ಏಕಮಾಲೀಕತ್ವದ ವ್ಯವಹಾರದಲ್ಲಿ ವಾಸದ ಮನೆಗೂ ರಕ್ಷಣೆಯಿಲ್ಲ.

ಇನ್ನು ದಪ್ಪ ಟೈರಿನ ವಿಚಾರ. ಸುಮಾರು ನಾಲ್ಕು ಅಂಗುಲ ಅಗಲದ ಈ ಟೈರು ಹಿಮ, ಮರಳುಗಳ ಮೇಲೆ ಓಡಿಸಲೆಂದು ಬಂದದ್ದು. ಅಮೆರಿಕದ ಸರ್ಲಿ ಸಂಸ್ಥೆಯು 2005ರಲ್ಲಿ ಮಾರುಕಟ್ಟೆಗೆ ತಂದ ಪಗ್ಸ್ಲಿ ಸೈಕಲ್ಲಿನಿಂದ ಜನಪ್ರಿಯವಾಯಿತು. ಗಾಳಿಯ ಒತ್ತಡ ಕಡಿಮೆಯಿರುವುದರಿಂದ ಗುಂಡಿ, ಜಲ್ಲಿ, ಅಗೆದು ಮುಚ್ಚಿದ ರಸ್ತೆಗಳ ಕುಲುಕಾಟವನ್ನು ನುಂಗಿಕೊಳ್ಳುತ್ತದೆ. ನಮ್ಮ ನಗರಕ್ಕೆ ಈ ಗುಣ ಸಾಲದೆ ಹೋದೀತೆ! ಆದರೆ ಡಾಂಬರಿನ ಮೇಲೆ ಅದರ ಉರುಳು ಪ್ರತಿರೋಧ ಹೆಚ್ಚು, ಬ್ಯಾಟರಿ ಬೇಗ ಖಾಲಿಯಾಗುತ್ತದೆ.

ರಾಜರಾಜೇಶ್ವರಿನಗರವು ಏರುತಗ್ಗುಗಳ ಊರು. ಸೈಕಲ್ 30, ಸವಾರ 70, ಸರಕು 30, ಒಟ್ಟು 130 ಕಿಲೋ ಎಂದುಕೊಳ್ಳಿ. ನೂರು ಮೀಟರಿಗೆ ಆರು ಮೀಟರ್ ಏರುವ ರಸ್ತೆಯಲ್ಲಿ 250 ವಾಟ್ ಶಕ್ತಿಯು, ಪೆಡಲ್ ತುಳಿಯದಿದ್ದರೆ, ಗಂಟೆಗೆ ಸುಮಾರು 9 ಕಿ.ಮೀ. ವೇಗವನ್ನಷ್ಟೇ ಕೊಡುತ್ತದೆ. ಆದ್ದರಿಂದಲೇ ಮಾರಾಟಗಾರರು 750 ವಾಟ್ ತೋರಿಸುತ್ತಾರೆ, ನಾವೂ ಮರುಳಾಗುತ್ತೇವೆ. ತಯಾರಕರು ಹೇಳುವ ಭಾರದ ಮಿತಿಯಲ್ಲಿ ಸವಾರನ ತೂಕವೂ ಸೇರಿರುತ್ತದೆ ಎಂಬುದನ್ನು ಅನೇಕರು ಗಮನಿಸುವುದಿಲ್ಲ.

ಹಾಗಾದರೆ 250 ವಾಟ್‌ನ ಸೈಕಲ್ ಲಾಭದಾಯಕವೆ? ದಿನಕ್ಕೆ 30 ಕಿ.ಮೀ. ಓಡಾಟ, ಪೆಟ್ರೋಲ್ ಲೀಟರಿಗೆ 100 ರೂಪಾಯಿ, ಸ್ಕೂಟರ್ 40 ಕಿ.ಮೀ. ಕೊಡುತ್ತದೆ ಎಂದರೆ 75 ರೂಪಾಯಿ ಖರ್ಚು. ಸೈಕಲ್ಲಿಗೆ ಅರ್ಧ ಯೂನಿಟ್‌ಗಿಂತ ತುಸು ಹೆಚ್ಚು ವಿದ್ಯುತ್, ಯೂನಿಟ್ಟಿಗೆ 8 ರೂಪಾಯಿಯಂತೆ 5 ರೂಪಾಯಿ. 36 ವೋಲ್ಟ್, 10 ಆಂಪಿಯರ್-ಅವರ್ ಬ್ಯಾಟರಿಯು ಹಿಡಿಯುವುದು 0.36 ಯೂನಿಟ್ ಮಾತ್ರ. ಮಧ್ಯಾಹ್ನ ಮತ್ತೊಮ್ಮೆ ಚಾರ್ಜ್ ಮಾಡಬೇಕು. 300 ದಿನಗಳಿಗೆ ಉಳಿತಾಯ 21,000 ರೂಪಾಯಿ. ಮೂರು ವರ್ಷಕ್ಕೊಮ್ಮೆ ಬ್ಯಾಟರಿಗೆ 18,000 ಬೇಕೆಂದು ವರ್ಷಕ್ಕೆ 6,000 ಮೀಸಲಿಟ್ಟರೂ 15,000 ಉಳಿಯುತ್ತದೆ. ಈ ಮೀಸಲನ್ನು ಇಡದವರೇ ನಾಲ್ಕನೆಯ ವರ್ಷ ಸೈಕಲ್ಲನ್ನು ಗೋಡೆಗೆ ಒರಗಿಸುವುದು.

ತೆರಿಗೆಯ ವಿಷಯ ಚುಟುಕಾಗಿ ಹೇಳುತ್ತೇನೆ. 2019ರ ಆಗಸ್ಟ್ 1ರಿಂದ ವಿದ್ಯುತ್ ವಾಹನಗಳ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಬಿಡಿಯಾಗಿ ಕೊಳ್ಳುವ ಲಿಥಿಯಂ ಬ್ಯಾಟರಿಗೆ ಶೇ 18. ಸರಕು ಸಾಗಣೆಗೆ ಬಳಸುವ ಸೈಕಲ್ಲಿನ ಮೇಲಿನ ತೆರಿಗೆಯನ್ನು ಹೂಡುವಳಿ ತೆರಿಗೆಯಾಗಿ ಪಡೆಯಬಹುದು, ಬಿಲ್ಲು ಸಂಸ್ಥೆಯ ಹೆಸರು ಮತ್ತು ಜಿಎಸ್‌ಟಿ ಸಂಖ್ಯೆಯಲ್ಲಿ ಇದ್ದರೆ. ಕಾಂಪೊಸಿಷನ್ ಪದ್ಧತಿಯವರಿಗೆ ಈ ಸೌಲಭ್ಯವಿಲ್ಲ. 1962ರ ಆದಾಯ ತೆರಿಗೆ ನಿಯಮಗಳಲ್ಲಿ ವಿದ್ಯುತ್ ವಾಹನಕ್ಕೆ ಶೇ 40 ಸವಕಳಿ ಇದೆ. 2026ರ ಏಪ್ರಿಲ್ 1ರಿಂದ ಆರಂಭವಾಗುವ ವರ್ಷಗಳಿಗೆ ಹೊಸ ನಿಯಮಗಳ ಪಟ್ಟಿಯನ್ನು ನೋಡಬೇಕು. ಅಂದಾಜು ಲಾಭದ ಮೇಲೆ ತೆರಿಗೆ ಕಟ್ಟುವವರಿಗೆ ಪ್ರತ್ಯೇಕ ಸವಕಳಿ ದೊರೆಯದು. ನಮ್ಮ ಕಕ್ಷಿದಾರರು ಆ ಗುಂಪಿಗೇ ಸೇರಿದವರು!

ಅವರು ಮರುವಾರ ಮಾರಾಟಗಾರರಲ್ಲಿ ಪರೀಕ್ಷಾ ಸಂಸ್ಥೆಯ ಪ್ರಮಾಣಪತ್ರ ಕೇಳಿದರು. 750 ವಾಟ್ ಮಾದರಿಗೆ ಅದು ಇರಲಿಲ್ಲ. ಪ್ರಮಾಣಪತ್ರವಿದ್ದ 250 ವಾಟ್‌ನ ಒಂದು ಸೈಕಲ್ಲನ್ನು ಮಾತ್ರ ಕೊಂಡು, ಪ್ರತಿಯನ್ನು ಬಿಲ್ಲಿನ ಕಡತದಲ್ಲಿ ಸೇರಿಸಿದ್ದಾರೆ. ತರಕಾರಿ, ಬೇಳೆ, ಎಣ್ಣೆಯ ಪೊಟ್ಟಣಗಳು ಸೈಕಲ್ಲಿನಲ್ಲಿ ಹೋಗುತ್ತವೆ; 25 ಕಿಲೋ ಅಕ್ಕಿ ಮೂಟೆಗಳಿಗೆ ಹಳೆಯ ಸ್ಕೂಟರೇ ಗತಿ.